ಮಾಲೀಕರ ಜಿಮೇಲಿಗೂ ಹೋಗಬೇಕು, ಆಫೀಸಿನಲ್ಲೂ ಉಳಿಯಬೇಕು: ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿನ ಇಮೇಲ್ ಪ್ರಕರಣ

ಚಿಕ್ಕಮಗಳೂರು ಪಟ್ಟಣದ ಅಂಚಿನ ಮಧ್ಯಮ ಗಾತ್ರದ ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣ ಕಾಫಿಯ ಸಿಪ್ಪೆ ತೆಗೆದು ಹದಮಾಡುವ ಘಟಕ) ಒಂದರ ಪ್ರಕರಣ ಇದು. ಸಂಸ್ಥೆಗೆ ಸ್ವಂತ ಡೊಮೇನ್ (ಇಂಟರ್ನೆಟ್ ಹೆಸರು) ಇದೆ. ಬಾಡಿಗೆಗೆ ಪಡೆದ ಲಿನಕ್ಸ್ ಸರ್ವರ್ ಒಂದರಲ್ಲಿ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಮತ್ತು ಮೇಲ್ ಪೆಟ್ಟಿಗೆ ನೋಡಿಕೊಳ್ಳುವ ಡವ್‌ಕಾಟ್ ಎಂಬ ತಂತ್ರಾಂಶಗಳು ಓಡುತ್ತವೆ. ವ್ಯವಹಾರಕ್ಕೆಲ್ಲ ಒಂದೇ ವಿಳಾಸ, ‘ಆಫೀಸ್’ ಎಂಬ ಹೆಸರಿನದು. ಲಾರಿ ಹೊರಟಿತೆಂದು ಬೆಳೆಗಾರರು ತಿಳಿಸುವುದು, ವೇಬ್ರಿಡ್ಜ್ ಚೀಟಿಯ ಫೋಟೊ ಕಳಿಸುವುದು, ಬೆಂಗಳೂರಿನ ರಫ್ತುದಾರರು ಸ್ಯಾಂಪಲ್ ಕೇಳುವುದು, ಮಂಗಳೂರಿನ ಶಿಪ್ಪಿಂಗ್ ಏಜೆಂಟರು ಕಂಟೇನರ್ ತುಂಬುವ ದಿನ ಹೇಳುವುದು, ಬ್ಯಾಂಕಿನ ಪತ್ರ, ಎಲ್ಲವೂ ಅಲ್ಲಿಗೇ ಬರುತ್ತವೆ.

ಮಾಲೀಕರು ವಾರದಲ್ಲಿ ಹೆಚ್ಚಿನ ದಿನ ಆಲ್ದೂರಿನ ಆಚೆ ತಮ್ಮ ತೋಟದಲ್ಲಿರುತ್ತಾರೆ. ಆಫೀಸಿಗೆ ಬರುವ ಮೇಲ್ ತಮ್ಮ ಫೋನಿನ ಜಿಮೇಲಿಗೂ ಬರಲಿ ಎಂದು ಕೇಳಿದ್ದರು. ಸರ್ವರ್ ನೋಡಿಕೊಳ್ಳುತ್ತಿದ್ದವರು ಫಾರ್ವರ್ಡ್ ಹಾಕಿಕೊಟ್ಟರು. ಮಾಲೀಕರಿಗೆ ಮೇಲ್ ಬರತೊಡಗಿತು. ಅಂದಿನಿಂದ ಆಫೀಸಿನ ಪೆಟ್ಟಿಗೆಗೆ ಮಾತ್ರ ಒಂದೂ ಬರಲಿಲ್ಲ. ಆಫೀಸಿನವರು ಇದನ್ನು ತೊಂದರೆ ಎಂದು ತಿಳಿಯಲಿಲ್ಲ. ಇನ್ನು ಮೇಲ್ ಎಲ್ಲ ಸಾಹುಕಾರರೇ ನೋಡುತ್ತಾರೆ, ಬೇಕಾದ್ದನ್ನು ಅವರೇ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ ಎಂದುಕೊಂಡರು.

ಎಡವಟ್ಟು ಹೊರಬಿದ್ದದ್ದು ರೋಬಸ್ಟಾ ಚೆರ್ರಿ (ಸಿಪ್ಪೆ ಸಹಿತ ಒಣಗಿಸಿದ ಕಾಫಿ ಹಣ್ಣು) ಬರುವ ಕಾಲದಲ್ಲಿ. ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ತಮ್ಮ ಲಾಟಿನ ಔಟ್‌ಟರ್ನ್ ಬಗ್ಗೆ ತಕರಾರು ಬರೆದು ಮೇಲ್ ಮಾಡಿದ್ದರು. 50 ಕೆಜಿ ಚೆರ್ರಿ ಮೂಟೆಗೆ ಎಷ್ಟು ಕೆಜಿ ಕ್ಲೀನ್ ಕಾಫಿ ಬಂತು ಎನ್ನುವುದೇ ಔಟ್‌ಟರ್ನ್. ಒಂದು ಕೆಜಿ ಹೆಚ್ಚುಕಡಿಮೆಯಾದರೂ ಇಡೀ ಲಾಟಿನ ಹಣ ಏರುಪೇರಾಗುತ್ತದೆ. ತಿಂಗಳು ಕಳೆದರೂ ಉತ್ತರವಿಲ್ಲದೆ ಅವರು ಫೋನ್ ಮಾಡಿದರು.

“ಗೌಡ್ರೇ, ನಿಮ್ಮ ಮೇಲ್ ನಮಗೆ ಬಂದೇ ಇಲ್ಲ.”

“ಕಳ್ಸಿದೀನಲ್ಲ ಮಾರಾಯ್ರೆ. ವಾಪಸ್ಸೂ ಬಂದಿಲ್ಲ.”

ಇಬ್ಬರ ಮಾತೂ ನಿಜ. ಸರ್ವರ್ ಅದನ್ನು ಸ್ವೀಕರಿಸಿತ್ತು, ಆದ್ದರಿಂದ ವಾಪಸ್ ಹೋಗಲಿಲ್ಲ. ಆಫೀಸಿನ ಪೆಟ್ಟಿಗೆಗೆ ಹಾಕದೆ ನೇರ ಜಿಮೇಲಿಗೆ ದಾಟಿಸಿತ್ತು, ಆದ್ದರಿಂದ ಆಫೀಸಿಗೆ ಬರಲಿಲ್ಲ. ಜಿಮೇಲ್ ನೋಡಿದರೆ ಇನ್‌ಬಾಕ್ಸಿನಲ್ಲೂ ಇಲ್ಲ. ಅದೇ ಬೆಳೆಗಾರರು ಆಮೇಲೆ ಬರೆದ ಎರಡು ಮೇಲ್ ಸ್ಪ್ಯಾಮ್ ಫೋಲ್ಡರಿನಲ್ಲಿ ಸಿಕ್ಕವು. ಸ್ಪ್ಯಾಮ್‌ಗೆ ಬಿದ್ದದ್ದನ್ನು ಜಿಮೇಲ್ 30 ದಿನ ಇಟ್ಟು ಅಳಿಸಿಬಿಡುತ್ತದೆ, ಹಾಗಾಗಿ ಮೊದಲ ಮೇಲ್ ಅಲ್ಲೂ ಉಳಿದಿರಲಿಲ್ಲ. ಸರ್ವರಿನ ಲಾಗ್ (ನಡೆದದ್ದನ್ನೆಲ್ಲ ಬರೆದಿಡುವ ಕಡತ) ನಾಲ್ಕೇ ವಾರ ಉಳಿಯುವಂತೆ ಇದ್ದುದರಿಂದ ಅದು ಬಂದ ಗುರುತೂ ಹೋಗಿತ್ತು.

ತಪ್ಪು ಇದ್ದದ್ದು ಒಂದು ಸಾಲಿನಲ್ಲಿ

ಪೋಸ್ಟ್‌ಫಿಕ್ಸಿನಲ್ಲಿ ‘ವರ್ಚುವಲ್ ಅಲಿಯಾಸ್ ಮ್ಯಾಪ್ಸ್’ ಎಂಬ ಸೆಟ್ಟಿಂಗ್ ತೋರಿಸುವ ಫೈಲಿನಲ್ಲಿ ಈ ಸಾಲು ಇತ್ತು (ಫೈಲಿನಲ್ಲಿ ಇವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಇರಬೇಕು, ಇಲ್ಲಿ ಓದಲು ಕನ್ನಡದಲ್ಲಿ ಕೊಟ್ಟಿದೆ):

ಆಫೀಸ್@ಡೊಮೇನ್      ಮಾಲೀಕರು@ಜಿಮೇಲ್

ಎಡಗಡೆಯ ವಿಳಾಸಕ್ಕೆ ಬಂದದ್ದನ್ನು ಬಲಗಡೆಯ ವಿಳಾಸಕ್ಕೆ ಕೊಡು ಎಂದು ಇದರ ಅರ್ಥ. ‘ಅಲ್ಲಿಗೂ ಕೊಡು’ ಎಂದಲ್ಲ. ಅಂಚೆ ಕಚೇರಿಯಲ್ಲಿ ವಿಳಾಸ ಬದಲಾವಣೆ ಬರೆದುಕೊಟ್ಟರೆ ಹಳೆಯ ಮನೆಗೆ ಕಾಗದ ಬರುವುದು ನಿಲ್ಲುತ್ತದಲ್ಲ, ಹಾಗೆ. ಪ್ರತಿ ಉಳಿಯಬೇಕಾದರೆ ಮೂಲ ವಿಳಾಸವನ್ನೇ ಬಲಗಡೆಯೂ ಬರೆಯಬೇಕು:

ಆಫೀಸ್@ಡೊಮೇನ್      ಆಫೀಸ್@ಡೊಮೇನ್, ಮಾಲೀಕರು@ಜಿಮೇಲ್

ತನ್ನನ್ನೇ ತಾನು ತೋರಿಸಿದರೆ ಸುತ್ತುತ್ತಲೇ ಇರುವುದಿಲ್ಲವೇ ಎಂದು ಹಲವರು ಹೆದರಿ ಇದನ್ನು ಬರೆಯುವುದಿಲ್ಲ. ಸುತ್ತುವುದಿಲ್ಲ. ಒಂದು ವಿಳಾಸ ಬಿಡಿಸಿದಾಗ ಅದೇ ವಿಳಾಸ ಬಂದರೆ ಪೋಸ್ಟ್‌ಫಿಕ್ಸ್ ಅಲ್ಲಿಗೇ ಬಿಡಿಸುವುದನ್ನು ನಿಲ್ಲಿಸುತ್ತದೆ.

ಸಾಲು ತಿದ್ದಿದ ಮೇಲೆ ‘ಪೋಸ್ಟ್‌ಮ್ಯಾಪ್’ ಓಡಿಸಬೇಕು. ಪೋಸ್ಟ್‌ಫಿಕ್ಸ್ ಓದುವುದು ನಾವು ತಿದ್ದಿದ ಪಠ್ಯವನ್ನಲ್ಲ, ಅದರಿಂದ ತಯಾರಾದ ಡೇಟಾಬೇಸ್ ಫೈಲನ್ನು. ಮರೆತರೆ ಹಳೆಯ ನಿಯಮವೇ ನಡೆಯುತ್ತದೆ. ಡೇಟಾಬೇಸ್ ಮೂಲ ಫೈಲಿಗಿಂತ ಹಳೆಯದು ಎಂಬ ಎಚ್ಚರಿಕೆ ಲಾಗಿನಲ್ಲಿ ಬಿದ್ದಿರುತ್ತದೆ, ಯಾರೂ ನೋಡಿರುವುದಿಲ್ಲ. ಮೇಲ್ ಕಳಿಸಿ ನೋಡುವ ಮೊದಲೇ ‘ಪೋಸ್ಟ್‌ಮ್ಯಾಪ್’ಗೆ ‘-ಕ್ಯೂ’ ಆಯ್ಕೆ ಕೊಟ್ಟು ಆಫೀಸ್ ವಿಳಾಸ ಕೇಳಿದರೆ ಉತ್ತರವಾಗಿ ಎರಡೂ ವಿಳಾಸ ಬರಬೇಕು. ಒಂದೇ ಬಂದರೆ ಮುಂದೆ ಹೋಗುವ ಅಗತ್ಯವೇ ಇಲ್ಲ.

ಇನ್ನು ಲಾಗ್. ತಿದ್ದುವ ಮೊದಲು ಪ್ರತಿ ಮೇಲಿಗೂ ಇಂಥ ಒಂದೇ ಸಾಲು ಇತ್ತು:

ಟು=<ಮಾಲೀಕರು@ಜಿಮೇಲ್>, ಒರಿಜ್_ಟು=<ಆಫೀಸ್@ಡೊಮೇನ್>, ಸ್ಟೇಟಸ್=ಸೆಂಟ್

‘ಸೆಂಟ್’ ಎಂಬ ಪದ ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುವುದು ಸಹಜ. ಆದರೆ ಅದು ಆ ಒಂದು ಸಾಲಿನ ಟು ವಿಳಾಸಕ್ಕೆ ಮಾತ್ರ ಸಂಬಂಧಿಸಿದ್ದು. ತಿದ್ದಿದ ಮೇಲೆ ಒಂದೇ ಕ್ಯೂ ಸಂಖ್ಯೆಯಡಿ (ಸರ್ವರ್ ತಾನು ಸ್ವೀಕರಿಸಿದ ಮೇಲಿಗೆ ಕೊಡುವ ಗುರುತು) ಎರಡು ಸಾಲು ಬಂದವು: ಒಂದು ಪೆಟ್ಟಿಗೆಗೆ ಮೇಲ್ ಹಾಕುವ ದಾರಿಯಾದ ಡವ್‌ಕಾಟಿನ ಎಲ್‌ಎಂಟಿಪಿಗೆ ಕೊಟ್ಟದ್ದು, ಇನ್ನೊಂದು ಗೂಗಲಿನ ಸರ್ವರಿಗೆ ಕೊಟ್ಟದ್ದು. ಸಾಲು ಎರಡಿವೆಯೇ, ಎರಡರಲ್ಲೂ ಸೆಂಟ್ ಇದೆಯೇ ಎಂದೇ ನೋಡಬೇಕು. ಪ್ರತಿ ಇಡುವುದು ಒಂದು ವಿತರಣೆ, ಮುಂದೆ ಕಳಿಸುವುದು ಇನ್ನೊಂದು ವಿತರಣೆ. ಒಂದು ಗೆದ್ದು ಇನ್ನೊಂದು ಸೋಲಬಹುದು. ಈ ಪ್ರಕರಣದಲ್ಲಿ ಮುಂದೆ ಬಂದ ಹಲವು ತೊಂದರೆಗಳು ಈ ಎರಡನ್ನು ಒಂದೇ ಎಂದು ತಿಳಿದದ್ದರಿಂದ ಬಂದವು.

ಲಿನಕ್ಸ್ ಬಳಕೆದಾರರ ಖಾತೆಗೇ ಮೇಲ್ ಬರುವ ಹಳೆಯ ಪದ್ಧತಿಯ ಸರ್ವರ್ ಆದರೆ ಮನೆ ಫೋಲ್ಡರಿನ ‘ಡಾಟ್ ಫಾರ್ವರ್ಡ್’ ಫೈಲಿನಲ್ಲಿ ಇದೇ ಕೆಲಸ ಮಾಡಬಹುದು. ಅಲ್ಲಿ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಿ ಅದಕ್ಕೆ ಅಂಟಿದಂತೆ ಬಳಕೆದಾರನ ಹೆಸರು, ಆಮೇಲೆ ಅಲ್ಪವಿರಾಮ, ಆಮೇಲೆ ಹೊರಗಿನ ವಿಳಾಸ. ಬ್ಯಾಕ್‌ಸ್ಲ್ಯಾಶ್ ಇರುವುದು ಆ ಹೆಸರನ್ನು ಮತ್ತೆ ಬಿಡಿಸದೆ ನೇರ ಪೆಟ್ಟಿಗೆಗೆ ಹಾಕು ಎಂದು ಹೇಳಲು. ಫೈಲಿನ ಒಡೆಯ ಆ ಬಳಕೆದಾರನೇ ಆಗಿರಬೇಕು, ಬೇರೆಯವರಿಗೆ ಬರೆಯುವ ಅನುಮತಿ ಇರಬಾರದು. ಇಲ್ಲದಿದ್ದರೆ ಫೈಲನ್ನು ಕಡೆಗಣಿಸಲಾಗುತ್ತದೆ. ನಮ್ಮ ಪ್ರಕರಣದ ಹಾಗೆ ಪೆಟ್ಟಿಗೆಗಳು ವರ್ಚುವಲ್ ಆಗಿದ್ದರೆ, ಅಂದರೆ ಲಿನಕ್ಸ್ ಖಾತೆಗೆ ಸೇರದಿದ್ದರೆ, ಈ ಫೈಲನ್ನು ಯಾರೂ ಓದುವುದೇ ಇಲ್ಲ.

ಸಾಲು ತಿದ್ದಿದರೆ ಏಕೆ ಸಾಲಲಿಲ್ಲ

ಅಲಿಯಾಸ್ ಸಾಲು ಬಂದದ್ದನ್ನೆಲ್ಲ ದಾಟಿಸುತ್ತದೆ, ಸ್ಪ್ಯಾಮನ್ನೂ ಸೇರಿಸಿ. ಗೂಗಲಿನ ಕಣ್ಣಿಗೆ ಆ ಸ್ಪ್ಯಾಮ್ ಕಳಿಸುತ್ತಿರುವುದು ಕ್ಯೂರಿಂಗ್ ವರ್ಕ್ಸಿನ ಸರ್ವರ್. ಹೀಗೆ ತಿಂಗಳುಗಟ್ಟಲೆ ನಡೆದರೆ ಸರ್ವರಿನ ಐಪಿ ವಿಳಾಸದ (ಇಂಟರ್ನೆಟ್ಟಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಹೆಸರು ಕೆಡುತ್ತದೆ, ಬೆಳೆಗಾರರ ನಿಜವಾದ ಮೇಲ್ ಕೂಡ ಅದರ ಜೊತೆ ಸ್ಪ್ಯಾಮಿಗೆ ಬೀಳುತ್ತದೆ. ಇಲ್ಲಿ ಆದದ್ದರಲ್ಲಿ ಇದರ ಪಾಲು ದೊಡ್ಡದು.

ಎರಡನೆಯದು ಬೌನ್ಸ್, ಅಂದರೆ ತಲುಪದ ಮೇಲ್ ವಾಪಸ್ ಬರುವುದು. ಮಾಲೀಕರ ಜಿಮೇಲ್ ಖಾತೆಯ 15 ಜಿಬಿ ಜಾಗದಲ್ಲಿ ಫೋನಿನ ಫೋಟೊಗಳೂ ಡ್ರೈವಿನ ಫೈಲುಗಳೂ ಸೇರಿವೆ. ಅದು ತುಂಬಿದಾಗ ಗೂಗಲ್ 452 4.2.2 ಎಂದು ಹೇಳಿ ಸದ್ಯಕ್ಕೆ ಬೇಡ ಎನ್ನುತ್ತದೆ. ಪೋಸ್ಟ್‌ಫಿಕ್ಸ್ ತನ್ನ ಮೂಲ ಸೆಟ್ಟಿಂಗಿನಂತೆ 5 ದಿನ ಮತ್ತೆ ಮತ್ತೆ ಪ್ರಯತ್ನಿಸಿ, ಆಮೇಲೆ ವಿತರಣೆಯಾಗಲಿಲ್ಲ ಎಂಬ ಸುದ್ದಿಯನ್ನು ಮೂಲ ಕಳುಹಿಸಿದವರಿಗೆ ತಲುಪಿಸುತ್ತದೆ. ಆಫೀಸಿನ ಪೆಟ್ಟಿಗೆಯಲ್ಲಿ ಮೇಲ್ ಸುರಕ್ಷಿತವಾಗಿದೆ, ಆದರೂ ಬೆಳೆಗಾರರ ಕೈಗೆ ‘ತಲುಪಿಲ್ಲ’ ಎಂಬ ಚೀಟಿ. ಅದರಲ್ಲಿ ಮಾಲೀಕರ ಖಾಸಗಿ ಜಿಮೇಲ್ ವಿಳಾಸವೂ ಬಯಲಾಗುತ್ತದೆ.

‘ರೆಸಿಪಿಯೆಂಟ್ ಬಿಸಿಸಿ ಮ್ಯಾಪ್ಸ್’ ಎಂಬ ಇನ್ನೊಂದು ದಾರಿ ಪೋಸ್ಟ್‌ಫಿಕ್ಸಿನಲ್ಲಿದೆ. ಮೂಲ ವಿತರಣೆಯನ್ನು ಮುಟ್ಟದೆ ಒಂದು ಪ್ರತಿ ಬೇರೆಡೆ ಕಳಿಸುತ್ತದೆ, ಆದ್ದರಿಂದ ಆಫೀಸಿನ ಪ್ರತಿ ಕಳೆದುಹೋಗುವ ಭಯ ಕಡಿಮೆ. ಆದರೆ ಇಲ್ಲೂ ಸ್ಪ್ಯಾಮ್ ಸೋಸುವ ಅವಕಾಶವಿಲ್ಲ, ಯಾವುದನ್ನು ಕಳಿಸಬೇಕು ಯಾವುದನ್ನು ಬೇಡ ಎಂಬ ಆಯ್ಕೆಯೂ ಇಲ್ಲ.

ಹಾಗಾಗಿ ಆರಿಸಿದ್ದು ಸೀವ್, ಬಂದ ಮೇಲನ್ನು ಏನು ಮಾಡಬೇಕೆಂದು ಬರೆದಿಡುವ ಒಂದು ಚಿಕ್ಕ ಭಾಷೆ. ಡವ್‌ಕಾಟಿನ ಪಿಜನ್‌ಹೋಲ್ ಎಂಬ ಭಾಗ ಇದನ್ನು ನಡೆಸುತ್ತದೆ. ಮೇಲ್ ಪೆಟ್ಟಿಗೆಗೆ ಬೀಳುವ ಕ್ಷಣದಲ್ಲಿ, ಅಂದರೆ ಸ್ಪ್ಯಾಮ್ ತಪಾಸಣೆ ಮುಗಿದ ಮೇಲೆ, ಸ್ಕ್ರಿಪ್ಟ್ ಓಡುತ್ತದೆ. ಅಲಿಯಾಸ್ ಫೈಲಿನಲ್ಲಿದ್ದ ಸಾಲು ಅಳಿಸಿ, ಆಫೀಸ್ ಪೆಟ್ಟಿಗೆಗೆ ಹೀಗೆ ಬರೆಯಲಾಯಿತು:

ರಿಕ್ವೈರ್ ["ಕಾಪಿ", "ಫೈಲ್‌ಇಂಟು"];
ಇಫ್ ಹೆಡರ್ :ಕಂಟೇನ್ಸ್ "ಎಕ್ಸ್-ಸ್ಪ್ಯಾಮ್-ಫ್ಲ್ಯಾಗ್" "ಯೆಸ್" {
    ಫೈಲ್‌ಇಂಟು "ಜಂಕ್";
    ಸ್ಟಾಪ್;
}
ರೀಡೈರೆಕ್ಟ್ :ಕಾಪಿ "ಮಾಲೀಕರು@ಜಿಮೇಲ್";

ಕೊನೆಯ ಸಾಲಿನ ‘:ಕಾಪಿ’ಯನ್ನು ಎರಡು ಸಲ ನೋಡಿಕೊಳ್ಳಬೇಕು. ಸೀವ್ ಭಾಷೆಯಲ್ಲಿ ಏನೂ ಹೇಳದಿದ್ದರೆ ಮೇಲ್ ಇನ್‌ಬಾಕ್ಸಿಗೆ ಹೋಗುತ್ತದೆ. ಆದರೆ ‘ರೀಡೈರೆಕ್ಟ್’ ಎಂದ ಕೂಡಲೇ ಆ ತಾನಾಗಿ ಉಳಿಯುವ ಗುಣ ರದ್ದಾಗುತ್ತದೆ. ‘:ಕಾಪಿ’ ಹಾಕಿದರೆ ರದ್ದಾಗುವುದಿಲ್ಲ. ‘:ಕಾಪಿ’ ಬೇಡವೆಂದರೆ ‘ರೀಡೈರೆಕ್ಟ್’ ಜೊತೆಗೆ ‘ಕೀಪ್’ ಎಂದು ಬೇರೆ ಸಾಲು ಬರೆಯಬೇಕು. ಎರಡೂ ಇಲ್ಲದ ಸ್ಕ್ರಿಪ್ಟ್, ನಾವು ಆರಂಭಿಸಿದ ಅದೇ ತಪ್ಪನ್ನು ಹೊಸ ಭಾಷೆಯಲ್ಲಿ ಮಾಡುತ್ತದೆ. ಮೊದಲ ಸಾಲಿನಲ್ಲಿ "ಕಾಪಿ" ಎಂದು ಘೋಷಿಸದಿದ್ದರೆ ಸ್ಕ್ರಿಪ್ಟ್ ಕಂಪೈಲ್ ಆಗುವುದಿಲ್ಲ (ಯಂತ್ರ ಓಡಿಸುವ ರೂಪಕ್ಕೆ ಬದಲಾಗುವುದಿಲ್ಲ). ಹಾಗೆಯೇ ಜಂಕ್ ಪರೀಕ್ಷೆ ರೀಡೈರೆಕ್ಟಿಗಿಂತ ಮೇಲೆ ಇರಬೇಕು, ಅದರಲ್ಲಿ ‘ಸ್ಟಾಪ್’ ಇರಬೇಕು. ಕೆಳಗೆ ಬರೆದರೆ ಸ್ಪ್ಯಾಮ್ ಮೊದಲು ಜಿಮೇಲಿಗೆ ಹೋಗಿ ಆಮೇಲೆ ಜಂಕ್ ಸೇರುತ್ತದೆ. ಇಲ್ಲಿ ಕೊಟ್ಟ ಹೆಡರಿನ (ಮೇಲ್ ಜೊತೆ ಬರುವ ವಿವರದ ಸಾಲು) ಹೆಸರು ಸ್ಪ್ಯಾಮ್‌ಅಸಾಸಿನ್ ಎಂಬ ಸ್ಪ್ಯಾಮ್ ಸೋಸುವ ತಂತ್ರಾಂಶ ಬಳಸುವವರಿಗೆ. ಬೇರೆ ಸೋಸುವ ತಂತ್ರಾಂಶವಿದ್ದರೆ ಬಂದ ಮೇಲಿನ ಹೆಡರ್ ತೆರೆದು ಅಲ್ಲಿರುವ ಹೆಸರನ್ನೇ ಹಾಕಬೇಕು.

ಸ್ಕ್ರಿಪ್ಟ್ ಸರಿಯಿದ್ದೂ ಓಡದೆ ಇರುವುದುಂಟು. ಪೋಸ್ಟ್‌ಫಿಕ್ಸ್ ತಾನೇ ಪೆಟ್ಟಿಗೆಗೆ ಮೇಲ್ ಹಾಕುತ್ತಿದ್ದರೆ ಸೀವ್‌ಗೆ ಅದರ ಸುಳಿವೇ ಸಿಗುವುದಿಲ್ಲ. ‘ವರ್ಚುವಲ್ ಟ್ರಾನ್ಸ್‌ಪೋರ್ಟ್’ ಡವ್‌ಕಾಟಿನ ಎಲ್‌ಎಂಟಿಪಿಯನ್ನು ತೋರಿಸಬೇಕು, ಎಲ್‌ಎಂಟಿಪಿಯ ಪ್ಲಗಿನ್ ಪಟ್ಟಿಯಲ್ಲಿ ಸೀವ್ ಇರಬೇಕು. ಸ್ಕ್ರಿಪ್ಟನ್ನು ‘ಸೀವ್‌ಸಿ’ಯಿಂದ ಕಂಪೈಲ್ ಮಾಡಿ ನೋಡಿದರೆ ಬರವಣಿಗೆಯ ತಪ್ಪು ಅಲ್ಲೇ ಗೊತ್ತಾಗುತ್ತದೆ.

ಜಿಮೇಲಿನ ಬಾಗಿಲಲ್ಲಿ

ಸ್ಪ್ಯಾಮ್ ದಾಟುವುದು ನಿಂತಿತು. ಆದರೂ ಕೆಲವು ಮೇಲ್ 550 5.7.26 ಎಂಬ ಉತ್ತರದೊಂದಿಗೆ ಜಿಮೇಲಿನಲ್ಲಿ ತಿರಸ್ಕೃತವಾಗುತ್ತಿದ್ದವು. ಕಳುಹಿಸಿದವರ ಗುರುತು ದೃಢವಾಗಲಿಲ್ಲ ಎಂಬುದು ಅದರ ಅರ್ಥ. 2024ರ ಫೆಬ್ರವರಿಯಿಂದ ಗೂಗಲ್ ಈ ವಿಷಯದಲ್ಲಿ ಬಿಗಿಯಾಗಿದೆ.

ಎಸ್‌ಪಿಎಫ್ ಎಂದರೆ, ಒಂದು ಡೊಮೇನಿನ ಹೆಸರಲ್ಲಿ ಯಾವ ಯಾವ ಐಪಿಯಿಂದ ಮೇಲ್ ಬರಬಹುದು ಎಂದು ಡಿಎನ್‌ಎಸ್‌ನಲ್ಲಿ (ಡೊಮೇನುಗಳ ಸಾರ್ವಜನಿಕ ದಾಖಲೆ) ಬರೆದಿಟ್ಟ ಪಟ್ಟಿ. ಅದನ್ನು ಎನ್ವಲಪ್ಪಿನಲ್ಲಿ, ಅಂದರೆ ಸರ್ವರುಗಳು ಮಾತ್ರ ನೋಡುವ ಲಕೋಟೆಯಲ್ಲಿ ಇರುವ ಕಳುಹಿಸುವವರ ವಿಳಾಸಕ್ಕೆ ತಾಳೆ ನೋಡುತ್ತಾರೆ, ಓದುಗರಿಗೆ ಕಾಣುವ ‘ಫ್ರಮ್’ಗೆ ಅಲ್ಲ. ಬೆಂಗಳೂರಿನ ರಫ್ತುದಾರರ ಮೇಲನ್ನು ನಮ್ಮ ಸರ್ವರ್ ಮುಂದೆ ಕಳಿಸಿದಾಗ ಎನ್ವಲಪ್ಪಿನಲ್ಲಿ ರಫ್ತುದಾರರ ವಿಳಾಸ, ಐಪಿ ಮಾತ್ರ ನಮ್ಮದು. ಅವರ ಪಟ್ಟಿಯಲ್ಲಿ ನಮ್ಮ ಐಪಿ ಇಲ್ಲ, ಎಸ್‌ಪಿಎಫ್ ಸೋಲುತ್ತದೆ. ಫಾರ್ವರ್ಡ್ ಮಾಡಿದರೆ ಇದು ಆಗಿಯೇ ತೀರುತ್ತದೆ.

ಇದಕ್ಕೆ ಪಿಜನ್‌ಹೋಲಿನಲ್ಲಿ ‘ಸೀವ್ ರೀಡೈರೆಕ್ಟ್ ಎನ್ವಲಪ್ ಫ್ರಮ್’ ಎಂಬ ಸೆಟ್ಟಿಂಗ್ ಇದೆ. ಮೂಲದಲ್ಲಿ ಅದು ‘ಸೆಂಡರ್’. ಅದನ್ನು <ಬೌನ್ಸ್@ಡೊಮೇನ್> ಎಂದು ಬದಲಿಸಲಾಯಿತು. ಈಗ ಎನ್ವಲಪ್ಪಿನಲ್ಲಿ ನಮ್ಮದೇ ಡೊಮೇನ್, ನಮ್ಮದೇ ಐಪಿ, ಎಸ್‌ಪಿಎಫ್ ಗೆಲ್ಲುತ್ತದೆ. ಇನ್ನೂ ದೊಡ್ಡ ಲಾಭವೆಂದರೆ, ಜಿಮೇಲ್ ತುಂಬಿ ಬೌನ್ಸ್ ಆದರೆ ಆ ಸುದ್ದಿ ಬೆಳೆಗಾರರಿಗೆ ಹೋಗದೆ ನಮ್ಮ ಬೌನ್ಸ್ ಪೆಟ್ಟಿಗೆಗೆ ಬರುತ್ತದೆ. ಈ ಪೆಟ್ಟಿಗೆಗೆ ಯಾವ ಫಾರ್ವರ್ಡನ್ನೂ ಹಾಕಬಾರದು, ದಿನಕ್ಕೊಮ್ಮೆ ಯಾರಾದರೂ ತೆರೆದು ನೋಡಬೇಕು. ಅಲಿಯಾಸ್ ದಾರಿಯನ್ನೇ ಇಟ್ಟುಕೊಳ್ಳುವವರು ಇದೇ ಕೆಲಸಕ್ಕೆ ‘ಪೋಸ್ಟ್‌ಎಸ್‌ಆರ್‌ಎಸ್‌ಡಿ’ ಹಾಕಿಕೊಳ್ಳಬಹುದು. ಅದು ಹೊರಡುವ ಎನ್ವಲಪ್ ವಿಳಾಸವನ್ನು ನಮ್ಮ ಡೊಮೇನಿಗೆ ಬದಲಿಸಿ, ಬೌನ್ಸ್ ಬಂದರೆ ಮೂಲ ವಿಳಾಸ ಬಿಡಿಸಿ ವಾಪಸ್ ಕಳಿಸುತ್ತದೆ.

ಇಷ್ಟಾದರೂ ಡಿಮಾರ್ಕ್ ಪ್ರಶ್ನೆ ಬಗೆಹರಿಯುವುದಿಲ್ಲ. ಓದುಗರಿಗೆ ಕಾಣುವ ಫ್ರಮ್ ಡೊಮೇನಿಗೂ ಎಸ್‌ಪಿಎಫ್ ಇಲ್ಲವೇ ಡಿಕೆಐಎಂ ಗೆದ್ದ ಡೊಮೇನಿಗೂ ಹೊಂದಿಕೆಯಿರಬೇಕು ಎನ್ನುತ್ತದೆ ಡಿಮಾರ್ಕ್. ಫ್ರಮ್ ರಫ್ತುದಾರರದು, ಎಸ್‌ಪಿಎಫ್ ಗೆದ್ದದ್ದು ನಮ್ಮದು, ಹೊಂದಿಕೆಯಿಲ್ಲ. ಆಗ ಉಳಿಯುವ ಆಧಾರ ಡಿಕೆಐಎಂ ಸಹಿ ಒಂದೇ. ಅದು ಮೇಲಿನ ಒಡಲಿಗೂ ಮುಖ್ಯ ಹೆಡರುಗಳಿಗೂ ಹಾಕಿದ ಸಹಿಯಾದ್ದರಿಂದ ಎಷ್ಟು ಸರ್ವರ್ ದಾಟಿದರೂ ಕೆಡುವುದಿಲ್ಲ, ನಡುವೆ ಯಾರೂ ಒಂದಕ್ಷರ ತಿದ್ದದಿದ್ದರೆ.

ಇಲ್ಲಿ ತಿದ್ದುತ್ತಿದ್ದರು. ಸರ್ವರಿನ ವೈರಸ್ ತಪಾಸಕ ಪ್ರತಿ ಮೇಲಿನ ಕೊನೆಯಲ್ಲಿ ‘ಈ ಸಂದೇಶವನ್ನು ಪರಿಶೀಲಿಸಲಾಗಿದೆ’ ಎಂಬರ್ಥದ ಒಂದು ಸಾಲು ಸೇರಿಸುತ್ತಿತ್ತು. ಆ ಒಂದು ಸಾಲಿನಿಂದ ಸಹಿ ಮುರಿಯುತ್ತಿತ್ತು. ಕಟ್ಟುನಿಟ್ಟಿನ ಡಿಮಾರ್ಕ್ ಇಟ್ಟ ಬ್ಯಾಂಕಿನ ಮೇಲ್ ಜಿಮೇಲಿನ ಬಾಗಿಲಲ್ಲೇ ಬೀಳುತ್ತಿತ್ತು. ಆ ಸೇರಿಕೆ ನಿಲ್ಲಿಸಲಾಯಿತು. ವಿಷಯದ ಸಾಲಿಗೆ ‘ಸ್ಪ್ಯಾಮ್’ ಎಂದು ಅಂಟಿಸುವುದನ್ನೂ ತೆಗೆದು, ಹೆಡರಿನಲ್ಲಿ ಮಾತ್ರ ಗುರುತು ಹಾಕುವಂತೆ ಮಾಡಲಾಯಿತು. 5.7.26 ಬಹುಮಟ್ಟಿಗೆ ನಿಂತಿತು.

ಪೂರ್ತಿ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ. ಡಿಕೆಐಎಂ ಸಹಿಯೇ ಹಾಕದೆ, ಡಿಮಾರ್ಕಿನಲ್ಲಿ ಮಾತ್ರ ‘ತಿರಸ್ಕರಿಸಿ’ ಎಂದು ಬರೆದಿಟ್ಟ ಡೊಮೇನುಗಳಿವೆ. ಅಂಥವರ ಮೇಲನ್ನು ಫಾರ್ವರ್ಡಿನ ಮೂಲಕ ಜಿಮೇಲಿಗೆ ದಾಟಿಸುವ ಭರವಸೆ ಕೊಡಲಾಗದು. ಮಾಲೀಕರಿಗೆ ಇದನ್ನು ಬಿಡಿಸಿ ಹೇಳಬೇಕಾಯಿತು: ಫೋನಿಗೆ ಬರುವುದು ಅನುಕೂಲಕ್ಕೆ, ದಾಖಲೆ ಇರುವುದು ಆಫೀಸಿನ ಪೆಟ್ಟಿಗೆಯಲ್ಲಿ. ಒಂದೂ ತಪ್ಪಬಾರದು ಎಂದರೆ ಫೋನಿನಲ್ಲೇ ಆಫೀಸಿನ ಖಾತೆಯನ್ನು ಐಮ್ಯಾಪ್ (ಮೇಲನ್ನು ಸರ್ವರಿನಲ್ಲೇ ಇಟ್ಟು ನೋಡುವ ವಿಧಾನ) ಮೂಲಕ ಸೇರಿಸಿಕೊಳ್ಳಬೇಕು. ಜಿಮೇಲ್ ಆಪ್ ಅದಕ್ಕೂ ಒದಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮಾಲೀಕರೂ ಆಫೀಸೂ ಒಂದೇ ಪೆಟ್ಟಿಗೆ ನೋಡುವ ಈ ವ್ಯವಸ್ಥೆಯೇ ಮೊದಲ ಆಯ್ಕೆಯಾಗಬೇಕು. ತೋಟದಲ್ಲಿ ಸಿಗ್ನಲ್ ಬಂದು ಹೋಗುವುದರಿಂದ, ಹುಡುಕಿದರೆ ತಕ್ಷಣ ಸಿಗುವ ಜಿಮೇಲೇ ಬೇಕೆಂದು ಅವರು ಎರಡನ್ನೂ ಉಳಿಸಿಕೊಂಡರು.

ಜಿಮೇಲ್ ಬದಿಯಲ್ಲಿ ಮಾಡಿದ ಕೆಲಸ ಒಂದು: ಆಫೀಸ್ ವಿಳಾಸಕ್ಕೆ ಬರೆದ ಮೇಲ್ ಎಂದೂ ಸ್ಪ್ಯಾಮಿಗೆ ಹೋಗಬಾರದು ಎಂಬ ಫಿಲ್ಟರ್. ಇದು ಒಳಗೆ ಬಂದ ಮೇಲಿಗೆ ಮಾತ್ರ; ಬಾಗಿಲಲ್ಲೇ ತಿರಸ್ಕೃತವಾದದ್ದಕ್ಕೆ ಫಿಲ್ಟರ್ ಏನೂ ಮಾಡದು.

ಎರಡು ವಾರದ ನಂತರ

ಎಲ್ಲ ಸರಿಹೋಯಿತೆಂದು ಬಿಟ್ಟ ಮೇಲೆ ಹೊಸ ದೂರು ಬಂತು: ಸರ್ವರಿನಲ್ಲಿ ಹಳೆಯ ಮೇಲ್ ಕಾಣುತ್ತಿಲ್ಲ. ಲಾಗ್ ನೋಡಿದರೆ ಪ್ರತಿಯೊಂದಕ್ಕೂ ಎಲ್‌ಎಂಟಿಪಿ ವಿತರಣೆ ಇದೆ, ಉಳಿದಿದೆ ಎಂದೂ ಇದೆ. ಆಮೇಲೆ ಯಾರೋ ತೆಗೆಯುತ್ತಿದ್ದಾರೆ.

ತೆಗೆಯುತ್ತಿದ್ದದ್ದು ಆಫೀಸಿನ ಹಳೆಯ ಕಂಪ್ಯೂಟರ್. ಅದರಲ್ಲಿ ಖಾತೆ ಪಾಪ್3ನಲ್ಲಿ (ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ವಿಧಾನ) ಇತ್ತು. ‘ಸರ್ವರಿನಲ್ಲಿ ಪ್ರತಿ ಬಿಡು’ ಎಂಬುದಕ್ಕೆ ಟಿಕ್ ಇದ್ದರೂ ಅದರ ಕೆಳಗೆ ‘14 ದಿನದ ನಂತರ ತೆಗೆ’ ಎಂಬುದಕ್ಕೂ ಟಿಕ್ ಇತ್ತು. ಅಂದರೆ ಹದಿನಾಲ್ಕು ದಿನ ಕಳೆದ ಮೇಲೆ ಇರುವ ಒಂದೇ ಪ್ರತಿ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ. ಮಳೆಗಾಲದ ವೋಲ್ಟೇಜ್ ಏರಿಳಿತದಲ್ಲಿ ಆ ಡಿಸ್ಕ್ ಹೋದರೆ ದಾಖಲೆಯೂ ಹೋಯಿತು. ‘ಪ್ರತಿ ಉಳಿಯಬೇಕು’ ಎನ್ನುವಾಗ ಎಲ್ಲಿ ಉಳಿಯಬೇಕು ಎಂದು ಕೇಳುವುದು ಇದಕ್ಕೇ.

ಖಾತೆಯನ್ನು ಐಮ್ಯಾಪ್‌ಗೆ, ಪೋರ್ಟ್ 993ಕ್ಕೆ ಬದಲಿಸಲಾಯಿತು. ಪಾಪ್ ಖಾತೆಯನ್ನು ಅಳಿಸಿ ಐಮ್ಯಾಪ್ ಹಾಕುವುದು ತಪ್ಪು ಕ್ರಮ. ಖಾತೆಯ ಜೊತೆ ಡಿಸ್ಕಿನಲ್ಲಿರುವ ಮೇಲ್ ಕೂಡ ಹೋಗಬಹುದು. ಮೊದಲು ಪ್ರೊಫೈಲ್ ಫೋಲ್ಡರಿನ ಬ್ಯಾಕಪ್ ತೆಗೆದು, ಐಮ್ಯಾಪ್ ಖಾತೆಯನ್ನು ಪಕ್ಕದಲ್ಲಿ ಸೇರಿಸಿ, ಸ್ಥಳೀಯ ಫೋಲ್ಡರಿನಿಂದ ಸರ್ವರಿನ ಫೋಲ್ಡರಿಗೆ ಮೇಲುಗಳನ್ನು ನಕಲಿಸಿ, ಎಣಿಕೆ ತಾಳೆಯಾದ ಮೇಲೆ ಪಾಪ್ ಖಾತೆ ತೆಗೆಯಬೇಕು.

ಗಾತ್ರದ ತೊಂದರೆಯೂ ಆಗಲೇ ಕಂಡಿತು. ಪೋಸ್ಟ್‌ಫಿಕ್ಸ್ ಮೂಲದಲ್ಲಿ ಸ್ವೀಕರಿಸುವ ದೊಡ್ಡ ಮೇಲ್ 1,02,40,000 ಬೈಟ್, ಅಂದರೆ ಸುಮಾರು 10 ಎಂಬಿ. ಲಗತ್ತು ಮೇಲಿನಲ್ಲಿ ಹೋಗುವಾಗ ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ. ತಲಾ 4 ಎಂಬಿಯ ಎರಡು ವೇಬ್ರಿಡ್ಜ್ ಫೋಟೊ ಹಾಕಿದರೂ ಮಿತಿ ದಾಟುತ್ತದೆ. ಅಂಥ ಮೇಲ್ ಆಫೀಸಿಗೂ ಬರುವುದಿಲ್ಲ, ಜಿಮೇಲಿಗೂ ಹೋಗುವುದಿಲ್ಲ. ಮಿತಿಯನ್ನು 35 ಎಂಬಿಗೆ ಏರಿಸಿ, ಪೆಟ್ಟಿಗೆಯ ಕೋಟಾವನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಲಾಯಿತು.

ಉತ್ತರ ಹೋಗುವ ದಾರಿ

ಬರುವ ಮೇಲಿನ ಪ್ರತಿ ಉಳಿದರೆ ಅರ್ಧ ದಾಖಲೆ ಮಾತ್ರ. ಮಾಲೀಕರು ಫೋನಿನಲ್ಲಿ ‘ರಿಪ್ಲೈ’ ಒತ್ತಿದರೆ ಉತ್ತರ ಅವರ ಸ್ವಂತ ಜಿಮೇಲ್ ವಿಳಾಸದಿಂದ ಹೋಗುತ್ತದೆ. ಬೆಳೆಗಾರರು ಅದಕ್ಕೇ ಮರು ಉತ್ತರ ಬರೆಯುತ್ತಾರೆ. ಅಲ್ಲಿಗೆ ಇಡೀ ಮಾತುಕತೆ ಆಫೀಸನ್ನು ಬಿಟ್ಟು ಹೊರಗೆ ನಡೆಯುತ್ತದೆ. ಇಂಥ ಸೋರಿಕೆಯನ್ನು ಫಾರ್ವರ್ಡ್ ಹಾಕಿಕೊಡುವವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಸೆಟ್ಟಿಂಗ್ಸಿನ ಖಾತೆಗಳ ಭಾಗದಲ್ಲಿ ‘ಈ ವಿಳಾಸದಿಂದ ಕಳಿಸು’ ಎಂಬಲ್ಲಿ ಆಫೀಸ್ ವಿಳಾಸ ಸೇರಿಸಲಾಯಿತು. ಅದಕ್ಕೆ ನಮ್ಮದೇ ಸರ್ವರ್, ಪೋರ್ಟ್ 587, ಆಫೀಸ್ ಖಾತೆಯ ಪಾಸ್‌ವರ್ಡ್. ದೃಢೀಕರಣದ ಕೋಡ್ ಆಫೀಸ್ ಪೆಟ್ಟಿಗೆಗೆ ಬರುತ್ತದೆ. ಜೊತೆಗೆ ‘ಸಂದೇಶ ಯಾವ ವಿಳಾಸಕ್ಕೆ ಬಂದಿತ್ತೋ ಅದರಿಂದಲೇ ಉತ್ತರಿಸು’ ಎಂಬುದನ್ನು ಆರಿಸಬೇಕು. ಇಲ್ಲದಿದ್ದರೆ ಪ್ರತಿಸಲ ಕೈಯಲ್ಲಿ ಬದಲಿಸಬೇಕು, ಮರೆಯುವುದು ಖಚಿತ.

ಈಗ ಉತ್ತರ ನಮ್ಮ ಸರ್ವರಿನ ಮೂಲಕ ಹೊರಡುತ್ತದೆ, ಆದರೆ ಅದರ ಪ್ರತಿ ಜಿಮೇಲಿನ ಸೆಂಟ್ ಫೋಲ್ಡರಿನಲ್ಲಿ ಮಾತ್ರ ಉಳಿಯುತ್ತದೆ. ಪೋಸ್ಟ್‌ಫಿಕ್ಸಿನ ‘ಸೆಂಡರ್ ಬಿಸಿಸಿ ಮ್ಯಾಪ್ಸ್’ನಲ್ಲಿ ಆಫೀಸ್ ವಿಳಾಸದಿಂದ ಹೊರಡುವ ಪ್ರತಿಯೊಂದರ ನಕಲು ‘ಕಳಿಸಿದ್ದು’ ಎಂಬ ಪ್ರತ್ಯೇಕ ಪೆಟ್ಟಿಗೆಗೆ ಬೀಳುವಂತೆ ಮಾಡಲಾಯಿತು. ಅದನ್ನು ಆಫೀಸ್ ಪೆಟ್ಟಿಗೆಗೇ ತಂದರೆ ಸೀವ್ ಅದನ್ನೂ ಜಿಮೇಲಿಗೆ ದಾಟಿಸುತ್ತದೆ, ಆದ್ದರಿಂದ ಪೆಟ್ಟಿಗೆ ಬೇರೆಯೇ ಇರಲಿ.

ಈ ಕೆಲಸದ ನಡುವೆ ಇನ್ನೊಂದು ಕಂಡಿತು. ಆಫೀಸಿಗೆ ಮೇಲ್ ಬರುತ್ತಿಲ್ಲ ಎಂದಾಗ ಯಾರೋ ಜಿಮೇಲಿನಿಂದ ಆಫೀಸ್ ವಿಳಾಸಕ್ಕೆ ಉಲ್ಟಾ ಫಾರ್ವರ್ಡ್ ಹಾಕಿಟ್ಟಿದ್ದರು. ಎರಡು ಕಡೆಯ ಫಾರ್ವರ್ಡ್ ಎದುರುಬದುರಾದರೆ ಮೇಲ್ ಸುತ್ತುತ್ತದೆ. ‘ಡೆಲಿವರ್ಡ್-ಟು’ ಹೆಡರಿನಲ್ಲಿ ತನ್ನದೇ ಹೆಸರು ಮತ್ತೆ ಕಂಡರೆ, ಇಲ್ಲವೇ ಮೊದಲೇ ದಾಟಿಸಿದ ಮೇಲ್ ಎಂದು ಗೊತ್ತಾದರೆ ಸರ್ವರುಗಳು ಸುತ್ತನ್ನು ಕಡಿಯುತ್ತವೆ, ಆದರೆ ಅಷ್ಟರಲ್ಲಿ ಒಂದೆರಡು ಹೆಚ್ಚುವರಿ ಪ್ರತಿ ಬಿದ್ದಿರುತ್ತವೆ. ಆ ಫಾರ್ವರ್ಡ್ ತೆಗೆಯಲಾಯಿತು.

ಪರೀಕ್ಷೆ ಮಾಡುವಾಗ

ಮಾಲೀಕರ ಜಿಮೇಲಿನಿಂದಲೇ ಆಫೀಸಿಗೆ ಬರೆದು, ಅದು ಅದೇ ಜಿಮೇಲಿಗೆ ವಾಪಸ್ ಬರುತ್ತದೆಯೇ ಎಂದು ನೋಡಬಾರದು. ತಾನೇ ಕಳಿಸಿದ ಮೇಲ್ ಅದೇ ಮೆಸೇಜ್-ಐಡಿಯೊಂದಿಗೆ (ಪ್ರತಿ ಮೇಲಿಗೂ ಬೇರೆಯಾಗಿರುವ ಗುರುತು) ಹಿಂದೆ ಬಂದರೆ ಜಿಮೇಲ್ ಅದನ್ನು ಇನ್‌ಬಾಕ್ಸಿನಲ್ಲಿ ಹೊಸದಾಗಿ ತೋರಿಸುವುದಿಲ್ಲ. ಫಾರ್ವರ್ಡ್ ಸರಿಯಿದ್ದರೂ ಕೆಟ್ಟಿದೆ ಎಂದು ತೋರುತ್ತದೆ, ಸರಿಯಿದ್ದದ್ದನ್ನು ತಿದ್ದಲು ಹೊರಡುತ್ತಾರೆ. ಮೂರನೆಯ ಖಾತೆಯಿಂದ ಕಳಿಸಬೇಕು. ಅದೇ ಮೇಲನ್ನು ಮತ್ತೆ ಮತ್ತೆ ತಳ್ಳುವುದೂ ಬೇಡ: ಒಂದೇ ಮೆಸೇಜ್-ಐಡಿಯದ್ದನ್ನು ಅದೇ ವಿಳಾಸಕ್ಕೆ 12 ಗಂಟೆಯೊಳಗೆ ಪಿಜನ್‌ಹೋಲ್ ಎರಡನೇ ಸಲ ದಾಟಿಸುವುದಿಲ್ಲ.

ನೋಡಬೇಕಾದ್ದು ಮೂರು ಕಡೆ. ಆಫೀಸ್ ಪೆಟ್ಟಿಗೆಯಲ್ಲಿ ಮೇಲ್ ಇದೆಯೇ. ಲಾಗಿನಲ್ಲಿ ಎರಡು ವಿತರಣೆಯೂ ಇದೆಯೇ. ಸೀವ್ ಮೂಲಕ ದಾಟಿದ್ದಕ್ಕೆ ಹೊಸ ಕ್ಯೂ ಸಂಖ್ಯೆ ಬರುವುದರಿಂದ ಮೆಸೇಜ್-ಐಡಿ ಹಿಡಿದು ಹುಡುಕಬೇಕು. ಜಿಮೇಲಿನಲ್ಲಿ ‘ಮೂಲವನ್ನು ತೋರಿಸು’ ತೆರೆದಾಗ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರರ ಮುಂದೆಯೂ ‘ಪಾಸ್’ ಇದೆಯೇ. ಲಾಗನ್ನು ಈಗ 52 ವಾರ ಇಡುವಂತೆ ಬದಲಿಸಲಾಗಿದೆ, ಒಂದು ಕಾಫಿ ವರ್ಷದ ತಕರಾರು ಇನ್ನೊಂದು ವರ್ಷದಲ್ಲಿ ಎದ್ದರೂ ಗುರುತು ಸಿಗಲಿ ಎಂದು.

ಹಳೆಯದನ್ನು ವಾಪಸ್ ತಂದದ್ದು

ಜಿಮೇಲಿನಲ್ಲಿ ಮಾತ್ರ ಉಳಿದಿದ್ದ ತಿಂಗಳುಗಳ ಮೇಲನ್ನು ಆಫೀಸಿಗೆ ತರಬೇಕಿತ್ತು. ಒಂದೊಂದನ್ನೂ ಕೈಯಲ್ಲಿ ಫಾರ್ವರ್ಡ್ ಮಾಡಿದರೆ ಕಳುಹಿಸಿದವರು ಮಾಲೀಕರು, ದಿನಾಂಕ ಇಂದಿನದು ಎಂದಾಗುತ್ತದೆ. ದಾಖಲೆಯಾಗಿ ಅದರ ಬೆಲೆ ತೀರಾ ಕಡಿಮೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 7ನೇ ಕಲಮು ಕಾನೂನಿನಂತೆ ಇಡಬೇಕಾದ ದಾಖಲೆಯನ್ನು ವಿದ್ಯುನ್ಮಾನವಾಗಿ ಇಡುವುದಾದರೆ ಮೂಲ ರೂಪದಲ್ಲಿ ಇಲ್ಲವೇ ಮಾಹಿತಿಯನ್ನು ನಿಖರವಾಗಿ ತೋರಿಸುವ ರೂಪದಲ್ಲಿ, ಎಲ್ಲಿಂದ ಎಲ್ಲಿಗೆ ಯಾವಾಗ ಬಂತೆಂಬ ವಿವರದೊಂದಿಗೆ ಉಳಿಸಲು ಹೇಳುತ್ತದೆ. ಆ ವಿವರ ಇರುವುದು ಹೆಡರಿನಲ್ಲಿ. ‘ಐಮ್ಯಾಪ್‌ಸಿಂಕ್’ ಎಂಬ ನಕಲು ಸಾಧನ ಬಳಸಿ ಜಿಮೇಲಿನಿಂದ ಆಫೀಸಿನ ಪ್ರತ್ಯೇಕ ಫೋಲ್ಡರಿಗೆ ನಕಲಿಸಿದಾಗ ಹೆಡರ್, ದಿನಾಂಕ, ಲಗತ್ತು ಯಾವುದೂ ಬದಲಾಗುವುದಿಲ್ಲ. ಇದಕ್ಕೆ ಜಿಮೇಲಿನಲ್ಲಿ ಎರಡು ಹಂತದ ದೃಢೀಕರಣ ಹಾಕಿ ‘ಆಪ್ ಪಾಸ್‌ವರ್ಡ್’ ಪಡೆಯಬೇಕು; ಕೆಲಸ ಮುಗಿದ ಮೇಲೆ ಅದನ್ನು ರದ್ದು ಮಾಡಬೇಕು. ಆಫೀಸ್ ವಿಳಾಸಕ್ಕೆ ಬಂದವನ್ನು ಮೊದಲೇ ಒಂದು ಲೇಬಲ್ ಅಡಿ ಕೂಡಿಸಿ ಆ ಲೇಬಲನ್ನಷ್ಟೇ ನಕಲಿಸಲಾಯಿತು, ಮಾಲೀಕರ ಸ್ವಂತ ಮೇಲ್ ಆಫೀಸಿಗೆ ಬರಬಾರದಲ್ಲ.

ಸ್ಪ್ಯಾಮಿನಲ್ಲಿ ಅಳಿದುಹೋದ ಔಟ್‌ಟರ್ನ್ ತಕರಾರನ್ನು ಬೆಳೆಗಾರರ ಸೆಂಟ್ ಫೋಲ್ಡರಿನಿಂದ ತರಿಸಬೇಕಾಯಿತು. ಸುಮ್ಮನೆ ಫಾರ್ವರ್ಡ್ ಮಾಡದೆ, ಮೂಲ ಮೇಲನ್ನೇ ಲಗತ್ತಾಗಿ ಕಳಿಸಲು ಅವರನ್ನು ಕೇಳಲಾಯಿತು. ಹಾಗೆ ಮಾಡಿದರೆ ಅವರು ಬರೆದ ದಿನಾಂಕವೂ ಮೆಸೇಜ್-ಐಡಿಯೂ ಜೊತೆಗೇ ಬರುತ್ತವೆ.

ಬೇರೆ ವ್ಯವಸ್ಥೆ ಇರುವವರಿಗೆ

ಸಿಪ್ಯಾನೆಲ್ (ಹೋಸ್ಟಿಂಗ್ ನಿರ್ವಹಿಸುವ ಫಲಕ) ಇರುವ ಹೋಸ್ಟಿಂಗಿನಲ್ಲಿ ಫಾರ್ವರ್ಡ್ ಮಾಡುವ ವಿಳಾಸದ ಹೆಸರಿನದೇ ಇಮೇಲ್ ಖಾತೆ ಇದ್ದು ಅದಕ್ಕೆ ಫಾರ್ವರ್ಡರ್ ಸೇರಿಸಿದರೆ ಒಂದು ಪ್ರತಿ ಆ ಖಾತೆಯಲ್ಲೂ ಉಳಿಯುತ್ತದೆ. ಖಾತೆಯನ್ನೇ ತೆರೆಯದೆ ಫಾರ್ವರ್ಡರ್ ಮಾತ್ರ ಮಾಡಿದರೆ ಎಲ್ಲೂ ಉಳಿಯುವುದಿಲ್ಲ. ಎರಡೂ ಹೊರನೋಟಕ್ಕೆ ಒಂದೇ ಥರ ಕಾಣುತ್ತವೆ, ಆದ್ದರಿಂದ ಖಾತೆಗಳ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳಬೇಕು.

ಜಿಮೇಲಿನಿಂದ ಬೇರೆಡೆಗೆ ದಾಟಿಸುವಾಗ ಸೆಟ್ಟಿಂಗ್ಸಿನ ‘ಫಾರ್ವರ್ಡಿಂಗ್ ಮತ್ತು ಪಾಪ್/ಐಮ್ಯಾಪ್’ ಭಾಗದಲ್ಲಿ ವಿಳಾಸ ಸೇರಿಸಿ, ಅಲ್ಲಿಗೆ ಬಂದ ಕೋಡಿನಿಂದ ದೃಢಪಡಿಸಿ, ಪಕ್ಕದ ಪಟ್ಟಿಯಲ್ಲಿ ‘ಜಿಮೇಲ್ ಪ್ರತಿಯನ್ನು ಇನ್‌ಬಾಕ್ಸಿನಲ್ಲಿ ಇಡು’ ಎಂಬುದನ್ನು ಆರಿಸಬೇಕು. ಅದೇ ಪಟ್ಟಿಯಲ್ಲಿ ‘ಅಳಿಸು’ ಎಂಬುದೂ ಇದೆ. ಸ್ಪ್ಯಾಮ್ ಎಂದು ಗುರುತಿಸಿದ್ದನ್ನು ಜಿಮೇಲ್ ಫಾರ್ವರ್ಡ್ ಮಾಡುವುದಿಲ್ಲ, ಹಳೆಯ ಮೇಲನ್ನೂ ಮಾಡುವುದಿಲ್ಲ.

ಔಟ್‌ಲುಕ್‌ನಲ್ಲಿ ‘ಫಾರ್ವರ್ಡ್ ಮಾಡಿದ ಸಂದೇಶಗಳ ಪ್ರತಿ ಇಡು’ ಎಂಬ ಚೌಕವಿದೆ. ಸಂಸ್ಥೆಯ ಮೈಕ್ರೋಸಾಫ್ಟ್ 365 ಆದರೆ ಹೊರಗಿನ ವಿಳಾಸಕ್ಕೆ ತಾನಾಗಿ ಫಾರ್ವರ್ಡ್ ಆಗುವುದನ್ನು ಮೂಲದಲ್ಲೇ ತಡೆದಿರುತ್ತಾರೆ, 550 5.7.520 ಬಂದರೆ ಕಾರಣ ಅದೇ. ಬಳಕೆದಾರರು ಎಷ್ಟು ತಿದ್ದಿದರೂ ಅದು ಸರಿಯಾಗದು, ಹೊರಹೋಗುವ ಸ್ಪ್ಯಾಮ್ ನೀತಿಯಲ್ಲಿ ಆಡಳಿತಗಾರರು ಆ ಒಂದು ಪೆಟ್ಟಿಗೆಗೆ ಅನುಮತಿ ಕೊಡಬೇಕು. ಇಡೀ ಸಂಸ್ಥೆಗೆ ತೆರೆದಿಡುವುದು ಬೇಡ. ಪಾಸ್‌ವರ್ಡ್ ಕದ್ದವರು ಮೊದಲು ಮಾಡುವ ಕೆಲಸಗಳಲ್ಲಿ ಗುಟ್ಟಾಗಿ ಒಂದು ಫಾರ್ವರ್ಡ್ ಹಾಕಿಡುವುದೂ ಸೇರಿದೆ, ಪ್ರತಿ ಇನ್‌ಬಾಕ್ಸಿನಲ್ಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.